ಕ್ಷಮೆಗೆ ಪ್ರಾಸವಾಗುವ ಪದಗಳು

ದಶಲಕ್ಷಣ ಪರ್ವವು ಭಾದ್ರಪದ ಶುಕ್ಲ ಪಂಚಮಿಯಂದು ಉತ್ತಮಕ್ಷಮೆಯಿಂದ ಆರಂಭವಾಗಿ ಅನಂತ ಚತುರ್ದಶಿಯಂದು ಉತ್ತಮ ಬ್ರಹ್ಮಚರ್ಯದೊಡನೆ ಪೂರ್ಣವಾಗುತ್ತದೆ. ಹುಣ್ಣಿಮೆ ಕಳೆದ ಮೇಲೆ, ಕನ್ನಡನಾಡಿನ ಅಮಾಂತ ಗಣನೆಯಂತೆ ಭಾದ್ರಪದ ಬಹುಳ ಪಾಡ್ಯದಂದು, ಕ್ಷಮಾವಾಣಿ. ಆ ದಿನ ಬಂಧುಮಿತ್ರರಿಗೆ ಕಳುಹಿಸಲೆಂದು ಎರಡು ನಾಲ್ಕು ಸಾಲಿನ ಪದ್ಯವನ್ನು ಮನೆಯಲ್ಲಿಯೇ ಕಟ್ಟುವವರುಂಟು. ಹಿಂದೆ ಕಾರ್ಡಿನಲ್ಲಿ ಹೋಗುತ್ತಿದ್ದುದು ಈಗ ಮೊಬೈಲಿನಲ್ಲಿ ಹೋಗುತ್ತದೆ. ಪದ್ಯ ಕಟ್ಟಲು ಕುಳಿತ ಮಕ್ಕಳು ಮೊದಲು ಕೇಳುವ ಪ್ರಶ್ನೆ ಒಂದೇ: ‘ಕ್ಷಮೆ’ಗೆ ಪ್ರಾಸವೇನು?

ಥಟ್ಟನೆ ಹೊಳೆಯುವ ಉತ್ತರ ‘ಜಮೆ’. ಸ್ವಲ್ಪ ಯೋಚಿಸಿದರೆ ‘ಮಹಿಮೆ’, ‘ಹುಣ್ಣಿಮೆ’, ‘ಪ್ರತಿಮೆ’ಗಳು ದೊರಕುತ್ತವೆ. ಕೊನೆಯದು ಒಳ್ಳೆಯ ಪದವೇ ಸರಿ. ಜಿನಬಿಂಬವನ್ನೂ ಶ್ರಾವಕನ ಹನ್ನೊಂದು ಸೋಪಾನಗಳನ್ನೂ ಅದೊಂದೇ ಸೂಚಿಸುತ್ತದೆ. ಆದರೆ ಇವೆಲ್ಲವೂ ಅಂತ್ಯಪ್ರಾಸಗಳು. ಕನ್ನಡದ ಜೈನಕವಿಗಳು ನಿಯಮವಾಗಿ ಪಾಲಿಸಿದ್ದು ಆದಿಪ್ರಾಸವನ್ನು. ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಹುಣಸೂರು ಪ್ರಾಂತದ ಕಲ್ಲಹಳ್ಳಿಯ ಮಂಗರಸನು ಹದಿನಾರನೆಯ ಶತಮಾನದ ಆದಿಭಾಗದಲ್ಲಿ ‘ನೇಮಿಜಿನೇಶಸಂಗತಿ’ಯನ್ನು ಸಾಂಗತ್ಯದಲ್ಲಿಯೂ ‘ಜಯನೃಪಕಾವ್ಯ’ವನ್ನು ಪರಿವರ್ಧಿನಿ ಷಟ್ಪದಿಯಲ್ಲಿಯೂ ರಚಿಸಿದ್ದು ಈ ಕಟ್ಟಿನಲ್ಲಿಯೇ. ಆತನ ನೆಲದ ಮಕ್ಕಳು ‘ಜಮೆ’ಯೊಂದಕ್ಕೆ ತೃಪ್ತರಾಗಬೇಕಾಗಿಲ್ಲ.

ಆದಿಪ್ರಾಸವು ಆರು ಬಗೆ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ನಾಗವರ್ಮನ ‘ಛಂದೋಂಬುಧಿ’ಯನ್ನು ಓದಿದವರಿಗೆ ಇದು ಪರಿಚಿತ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ. ಉಳಿದವು ಅನುಸ್ವಾರ, ವಿಸರ್ಗ, ಸಂಯುಕ್ತಾಕ್ಷರ ಮತ್ತು ಒತ್ತಕ್ಷರಗಳಿಗೆ ಸಂಬಂಧಿಸಿದವು. ‘ಕ್ಷಮೆ’ಯಲ್ಲಿ ಮೊದಲಿನದು ಹ್ರಸ್ವ, ಎರಡನೆಯದು ಮಕಾರ. ಆದುದರಿಂದ ಇದು ಸಿಂಹಪ್ರಾಸ. (ಆನೆಗಳಿಗೆ ಹೆಸರಾದ ಕಾಕನಕೋಟೆಯ ಹೆಸರಿನಿಂದ ಸಾಲನ್ನು ಆರಂಭಿಸಿದರೆ ಅದು ಗಜಪ್ರಾಸವೇ ಆಗುವುದು ಒಂದು ಸೊಗಸು.) ಪದ್ಯವನ್ನು ‘ಉತ್ತಮಕ್ಷಮೆ’ ಎಂದು ತೊಡಗಿದರೆ ಮಾತ್ರ ಪ್ರಾಸವು ತಕಾರದ ಒತ್ತಿಗೆ ಹೋಗಿಬಿಡುತ್ತದೆ, ಆಗ ‘ಚಿತ್ತ’, ‘ಮತ್ತೆ’ಗಳನ್ನು ಹುಡುಕಬೇಕು.

ಕ್ಷಮೆಯ ಪ್ರಾಸಕುಟುಂಬ ದೊಡ್ಡದು. ಶಮ, ದಮ, ಸಮತೆ, ಸಮಿತಿ, ಸಮಾಧಿ, ಶ್ರಮಣ, ನಮೋಕಾರ, ಇವೆಲ್ಲ ಹೊಂದುತ್ತವೆ. ತೀರ್ಥಂಕರರ ಇಪ್ಪತ್ತನಾಲ್ಕು ನಾಮಗಳಲ್ಲಿ ಮೂರು ಮಾತ್ರ ಸಲ್ಲುತ್ತವೆ: ಐದನೆಯ ಸುಮತಿ, ಹದಿಮೂರನೆಯ ವಿಮಲ, ಇಪ್ಪತ್ತೊಂದನೆಯ ನಮಿ. ನಮಿಯ ಪಕ್ಕದಲ್ಲಿಯೇ ಇರುವ ನೇಮಿಯನ್ನು ಸೇರಿಸಿ ತಪ್ಪುವವರು ಬಹಳ; ‘ನೇ’ ದೀರ್ಘವಾದುದರಿಂದ ಅದು ಗಜಪ್ರಾಸಕ್ಕೆ ಸೇರಿದುದು. ‘ಸಂಯಮ’ವೂ ಹೊಂದದು.

ಇನ್ನು ಪಟ್ಟಿಯ ಮತ್ತೊಂದು ಭಾಗ. ತಮ, ಭ್ರಮೆ, ಕುಮತಿ, ಮಮಕಾರ, ಪ್ರಮಾದ: ಇವೂ ಅಷ್ಟೇ ಶುದ್ಧವಾದ ಸಿಂಹಪ್ರಾಸಗಳು. ಇವುಗಳ ಕೊನೆಯಲ್ಲಿ ಒಂದು ವ್ಯಕ್ತಿನಾಮವಿದೆ: ಕಮಠ.

ಪಾರ್ಶ್ವಪುರಾಣಗಳಲ್ಲಿ ಬರುವ ಈ ಕಥೆಯನ್ನು ಕೇಳದ ಮನೆಯಿಲ್ಲ. ಪೋದನಪುರದ ಅರವಿಂದ ಮಹಾರಾಜನ ಆಶ್ರಯದಲ್ಲಿ ಕಮಠನೂ ತಮ್ಮನಾದ ಮರುಭೂತಿಯೂ ಇದ್ದರು. ತಮ್ಮನ ಹೆಂಡತಿಯ ವಿಷಯದಲ್ಲಿ ತಪ್ಪಿ ನಡೆದ ಕಮಠನು ದೇಶಭ್ರಷ್ಟನಾಗಿ, ಕಲ್ಲನ್ನು ಎತ್ತಿ ಹಿಡಿದು ತಪಸ್ಸಿಗೆ ನಿಂತನು. ಅನ್ಯಾಯಕ್ಕೊಳಗಾದವನು ಮರುಭೂತಿ, ಆದರೂ ಅಣ್ಣನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಬೇಡಿ ಕಾಲಿಗೆರಗಿದವನೂ ಅವನೇ. ಎರಗಿದ ತಲೆಯ ಮೇಲೆ ಕಮಠನು ಆ ಕಲ್ಲನ್ನೇ ಹಾಕಿದನು. ಕ್ಷಮೆ ಕೇಳಿದರೆ ಕ್ಷಮೆ ದೊರೆತೇ ತೀರುವುದೆಂಬ ಭರವಸೆಯನ್ನು ಪುರಾಣವು ಯಾರಿಗೂ ಕೊಟ್ಟಿಲ್ಲ ಎಂಬುದನ್ನು ಗಮನಿಸಬೇಕು.

ಮರುಭೂತಿಯು ಸಲ್ಲಕೀ ವನದಲ್ಲಿ ವಜ್ರಘೋಷನೆಂಬ ಆನೆಯಾಗಿ ಹುಟ್ಟಿದನು. ಮುನಿಯಾಗಿದ್ದ ಅರವಿಂದನನ್ನು ಕಂಡು ಶಾಂತವಾದ ಆ ಆನೆ ಶ್ರಾವಕವ್ರತಗಳನ್ನು ಸ್ವೀಕರಿಸಿತು. ಉಪವಾಸಗಳನ್ನು ಆಚರಿಸುತ್ತ, ಒಣಗಿ ಬಿದ್ದ ಎಲೆಗಳನ್ನು ತಿಂದು, ಇತರ ಆನೆಗಳು ಕದಡಿದ ನೀರನ್ನು ಕುಡಿದು ಕೃಶವಾಯಿತು. ಒಂದು ದಿನ ನೀರಿಗಿಳಿದು ಕೆಸರಿನಲ್ಲಿ ಸಿಕ್ಕಿ ಏಳಲಾರದೆ ನಿಂತಾಗ, ಸರ್ಪವಾಗಿ ಹುಟ್ಟಿದ್ದ ಕಮಠನ ಜೀವ ಬಂದು ಕಚ್ಚಿತು. ಆನೆ ಕೋಪಿಸಿಕೊಳ್ಳಲಿಲ್ಲ, ಸಮಾಧಿಯಿಂದ ದೇಹ ಬಿಟ್ಟಿತು.

ಕಾಕನಕೋಟೆಯ ಕಾಡಂಚಿನವರಿಗೆ ಈ ಭಾಗವನ್ನು ವಿವರಿಸಬೇಕಾದುದಿಲ್ಲ. ಬೇಸಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ಕೆಸರುದಡದಲ್ಲಿ ಗುಂಪುಗುಂಪಾಗಿ ನಿಲ್ಲುವ ಆನೆಗಳನ್ನು ಅವರು ಕಂಡಿದ್ದಾರೆ. 1971ರ ಕೊನೆಯ ಖೆಡ್ಡಾವನ್ನು ನೆನೆಯುವ ಹಿರಿಯರು ಇನ್ನೂ ಇದ್ದಾರೆ. ಖೆಡ್ಡಾದ ಆನೆಯನ್ನು ಪಳಗಿಸಿದ್ದು ಹಗ್ಗ. ವಜ್ರಘೋಷನನ್ನು ಯಾರೂ ಕಟ್ಟಿರಲಿಲ್ಲ. ಕ್ಷಮೆಗೆ ‘ಉತ್ತಮ’ವೆಂಬ ವಿಶೇಷಣ ಸಲ್ಲುವುದು ಇಂತಹ ಕಡೆಯಲ್ಲಿ. ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದಾಚಾರ್ಯರು ಭಿಕ್ಷೆಗೆ ಹೊರಟ ಮುನಿಯನ್ನು ಉದಾಹರಿಸಿ, ಬೈಗುಳ, ಅಪಹಾಸ್ಯ, ಹೊಡೆತಗಳು ಎದುರಾದಾಗಲೂ ಮನಸ್ಸು ಕಲುಷಿತವಾಗದಿರುವುದೇ ಕ್ಷಮೆಯೆಂದು ನಿರೂಪಿಸಿದ್ದಾರೆ. ಕೋಪಕ್ಕೆ ಕಾರಣವೇ ಇಲ್ಲದ ಕಡೆ ಆ ಲಕ್ಷಣವನ್ನು ಪರೀಕ್ಷಿಸಲು ಎಡೆಯಿಲ್ಲ.

ಹತ್ತು ಭವಗಳ ಕೊನೆಗೆ, ಧ್ಯಾನಸ್ಥನಾದ ಪಾರ್ಶ್ವಜಿನನ ಮೇಲೆ ಏಳು ದಿನ ಘೋರ ಉಪಸರ್ಗವನ್ನು ಮಾಡಿದವನೂ ಕಮಠನ ಜೀವವೇ; ಸ್ವಾಮಿಗೆ ಕೇವಲಜ್ಞಾನವಾದಾಗ ವೈರವನ್ನು ತೊರೆದು ಸಮ್ಯಕ್ತ್ವವನ್ನು ಪಡೆದವನೂ ಅವನೇ. ಪಾರ್ಶ್ವನ ಹೆಸರು ಕ್ಷಮೆಗೆ ಪ್ರಾಸವಾಗುವುದಿಲ್ಲ, ಮರುಭೂತಿಯದೂ ಆಗುವುದಿಲ್ಲ, ಕಮಠನದು ಆಗುತ್ತದೆ.

ಆದಕಾರಣ ಮಕ್ಕಳಿಗೆ ನಾಲ್ಕು ಸಾಲು ಕಟ್ಟಿಸುವಾಗ ಕ್ಷಮೆ, ಶ್ರಮಣ, ಪ್ರಮಾದ, ಕಮಠ ಎಂಬ ನಾಲ್ಕು ಪದಗಳನ್ನು ಸಾಲುಗಳ ಮೊದಲಿಗೆ ಕೊಟ್ಟು ಉಳಿದುದನ್ನು ತುಂಬಿಸಲು ಹೇಳಬಹುದು. ಮೂರನೆಯ ಸಾಲು ಎಲ್ಲರಿಗೂ ಕಷ್ಟ. ‘ತಿಳಿದೋ ತಿಳಿಯದೆಯೋ’ ಎಂದು ತೇಲಿಸದೆ, ಆ ವರ್ಷ ಮಾಡಿದ ಒಂದು ಪ್ರಮಾದವನ್ನು ಅಲ್ಲಿ ಹೆಸರಿಸಬೇಕು. ನೂರು ಮಂದಿಗೆ ಒಂದೇ ಪದ್ಯ ಹೋಗಿ, ಬದುವಿನ ತಕರಾರಿನಿಂದ ಮಾತು ಬಿಟ್ಟ ಪಕ್ಕದ ಮನೆಗೆ ಮಾತ್ರ ಹೋಗದಿರುವುದುಂಟು. ಪಕ್ಕದ ಮನೆಗೆ ಕಾಗದವೂ ಬೇಡ, ಮೊಬೈಲೂ ಬೇಡ.

ಉಪವಾಸದ ಪದಗಳನ್ನೂ ಇದೇ ಕ್ರಮದಲ್ಲಿ ಜೋಡಿಸಿ ನೋಡಬಹುದು. ‘ಉಪವಾಸ’ಕ್ಕೆ ತಪ, ಜಪ, ಕೃಪೆ ಹೊಂದುತ್ತವೆ, ಕಪಟವೂ ಹೊಂದುತ್ತದೆ. ‘ಪಾರಣೆ’ಗೆ ವೀರ, ಧೀರಗಳ ಜೊತೆಗೆ ‘ವೈರ’ವೂ ಸಲ್ಲುತ್ತದೆ, ಐಕಾರವು ದೀರ್ಘವೇ ಆದುದರಿಂದ. ಚತುರ್ದಶಿಯ ಉಪವಾಸದವರಿಗೆ ಪಾರಣೆ ಹುಣ್ಣಿಮೆಯಂದು, ಕ್ಷಮಾವಾಣಿ ಅದರ ಮರುದಿನ. ಪಕ್ಕದ ಮನೆಯ ಬಾಗಿಲನ್ನು ತಟ್ಟಲು ಪಾಡ್ಯದವರೆಗೆ ಕಾಯಬೇಕೆಂಬ ವಿಧಿಯೇನೂ ಇಲ್ಲ. ಹುಣ್ಣಿಮೆಯ ಬೆಳಿಗ್ಗೆ, ಎಲೆಯ ಮುಂದೆ ಕೂರುವುದಕ್ಕೆ ಮುಂಚೆಯೇ ಹೋಗಿ ಬರಬಹುದು.