ಕಂಡರೆ ತಾನೇ ನೆನೆಯೋದು

(ಸಂಘದ ವಾರದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಚರ್ಚಿಸಲು)



ಬೆಳಿಗ್ಗೆ ಎದ್ದ ಕೂಡಲೇ ನಮ್ಮ ತಲೆಯಲ್ಲಿ ಏನು ಓಡುತ್ತಿರುತ್ತದೆ? ನಲ್ಲಿ ನೀರು ಬಂತೋ ಇಲ್ಲವೋ, ಮಕ್ಕಳಿಗೆ ಬಸ್ಸು ತಪ್ಪುತ್ತೋ ಏನೋ, ಈ ವಾರದ ಕಂತಿಗೆ ದುಡ್ಡು ಎಲ್ಲಿಂದ ತರೋದು! ಕೈ ಮುದ್ದೆ ತಿರುವುತ್ತಿರುತ್ತದೆ, ಮನಸ್ಸು ನಾಳೆಯ ಸಾಲದ ಹತ್ತಿರ ಇರುತ್ತದೆ. ಮುದ್ದೆ ಆಯಿತು, ಎಲ್ಲರೂ ಉಂಡರು, ಪಾತ್ರೆಯೂ ತೊಳೆದಾಯಿತು. ಯಾವಾಗ ಆಯಿತು ಅಂತ ನಮಗೇ ಗೊತ್ತಾಗಲಿಲ್ಲ.

ಮಾಡಿದ ಉಪಕಾರ ನೆನೆಯಬೇಕು ಎಂದು ಹಿರಿಯರು ಹೇಳುತ್ತಾರೆ. ಆದರೆ ನೆನೆಯಬೇಕಾದರೆ ಮೊದಲು ಅದನ್ನು ಕಂಡಿರಬೇಕು. ಈ ಪಾಠದ ತಿರುಳು ಇಷ್ಟೇ.

ಸಭೆಯೊಂದರಲ್ಲಿ ಕೇಳಿದ್ದು

ಗುಬ್ಬಿ ಕಡೆಯ ಒಂದು ಸಂಘದಲ್ಲಿ, "ಈ ವಾರ ನಿಮಗೆ ಏನು ಒಳ್ಳೇದಾಯ್ತು?" ಎಂದು ಕೇಳಿದೆವು. ಒಬ್ಬ ಅಕ್ಕ, "ಏನೈತೆ ಮೇಡಂ ಒಳ್ಳೇದು, ಅದೇ ಕೂಲಿ, ಅದೇ ಒಲೆ" ಅಂದರು. ಆಗ ಪ್ರಶ್ನೆ ಬದಲಿಸಿ, "ಇವತ್ತು ಬೆಳಿಗ್ಗೆಯಿಂದ ಇಲ್ಲಿಗೆ ಬರೋವರೆಗೆ ನಿಮಗೆ ಯಾರ್ಯಾರು ಕೈ ಜೋಡಿಸಿದರು?" ಎಂದು ಕೇಳಿದೆವು. ಅದೇ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮತ್ತೆ ಹುಣಸೆ ಬೀಜ ಬಿಡಿಸ್ತಾ ಮಗೂನ ನೋಡ್ಕೊತಾವ್ರೆ. ಅವರಿಲ್ಲದಿದ್ರೆ ನಾನು ಸಂಘಕ್ಕೇ ಬರೋಕಾಗ್ತಿರಲಿಲ್ಲ. ಒಂದಿನಾನೂ ಅವರಿಗೆ ಹೇಳಿಲ್ಲ" ಅಂದರು.

ಅತ್ತೆ ಮಾಡುತ್ತಿದ್ದುದು ದಿನಾ ಕಣ್ಣೆದುರಿಗೇ ಇತ್ತು. ಅವರು ಅದನ್ನು ಕಂಡದ್ದು ಮಾತ್ರ ಅವತ್ತು.

ನಮ್ಮ ತಾಲ್ಲೂಕಿನ ತಾಯಿ

ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ. ಮದುವೆಯಾಗಿ ಹೋಗಿದ್ದು ಕುಣಿಗಲ್ ಪಕ್ಕದ ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ. ಶಾಲೆ ಕಂಡವರಲ್ಲ, ಕೂಲಿ ಮಾಡಿ ಬದುಕಿದವರು. ಮಕ್ಕಳಾಗಲಿಲ್ಲ. ಆ ಕೊರಗು ಇತ್ತು. ಅದರ ನಡುವೆಯೇ ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್–ಕುದೂರು ರಸ್ತೆಯ ಬದಿಯಲ್ಲಿ ಆಲದ ಸಸಿ ನೆಟ್ಟರು. ಮೊದಲ ವರ್ಷ ನೆಟ್ಟದ್ದು ಹತ್ತೇ ಸಸಿ. ದೂರದಿಂದ ನೀರು ಹೊತ್ತು ತಂದು ಹಾಕಿದರು, ದನ ತಿನ್ನದಂತೆ ಮುಳ್ಳಿನ ಬೇಲಿ ಕಟ್ಟಿದರು. ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ 385 ಮರಗಳಾದವು ಎಂದು ಲೆಕ್ಕ. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು, 114ನೇ ವಯಸ್ಸಿನಲ್ಲಿ ತೀರಿಕೊಂಡರು.

ಹತ್ತು ಸಸಿ ನೆಟ್ಟ ದಿನ ಪ್ರಶಸ್ತಿ ಯಾರಿಗೆ ಗೊತ್ತಿತ್ತು? ಇವತ್ತಿನ ಸಸಿಗೆ ಇವತ್ತು ನೀರು ಬೇಕು ಅನ್ನೋದಷ್ಟೇ ಗೊತ್ತಿತ್ತು. ಇಲ್ಲದ್ದರ ನೋವು ಇದ್ದರೂ ಎದುರಿಗಿದ್ದುದನ್ನು ಕಂಡು ಸಲಹಬಹುದು ಎಂಬುದನ್ನು ಅವರ ಬದುಕಿನಿಂದ ನಾವು ಕಲಿಯಬಹುದು.

ಇದು ಸಹಿಸಿಕೊಂಡಿರುವ ಪಾಠವಲ್ಲ

ಇಲ್ಲಿ ಒಂದು ಎಚ್ಚರ ಬೇಕು. ದುಡಿದ ಕೂಲಿ, ರೇಷನ್, ವಿಧವಾ ವೇತನ ಇವೆಲ್ಲ ನಮ್ಮ ಹಕ್ಕು. ಅವನ್ನು ಕೊಡುವವರು ನಗುತ್ತಾ ಕೊಟ್ಟರೆ ವಂದನೆ ಹೇಳೋಣ, ಕೊಡದಿದ್ದರೆ ಕೇಳೋಣ. "ಹೊಡೆದರೂ ಊಟಕ್ಕೆ ಹಾಕ್ತಾನಲ್ಲ" ಅಂತ ಸುಮ್ಮನಿರುವುದು ಕೃತಜ್ಞತೆಯಲ್ಲ, ಅದು ಭಯ. ಅಂಥ ಸ್ಥಿತಿಯಲ್ಲಿರುವ ತಂಗಿ ಸಂಘದವರಿಗೆ ಹೇಳಲಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಲಿ. ಕಣ್ಣು ತೆರೆದು ನೋಡಿದಾಗ ಉಪಕಾರವೂ ಕಾಣುತ್ತದೆ, ಅನ್ಯಾಯವೂ ಕಾಣುತ್ತದೆ. ಎರಡನ್ನೂ ಕಾಣಬೇಕು.

ಹತ್ತು ವಾರ ಮಾಡಿ ನೋಡೋಣ

ಎಮನ್ಸ್ ಮತ್ತು ಮೆಕಲೊ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರು ಹತ್ತು ವಾರ, ವಾರಕ್ಕೊಮ್ಮೆ, ತಮಗೆ ಸಿಕ್ಕ ಉಪಕಾರಗಳನ್ನು ಬರೆದರು. ಇನ್ನು ಕೆಲವರು ಕಿರಿಕಿರಿಗಳನ್ನು ಬರೆದರು. ಉಪಕಾರ ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು. ನಮ್ಮ ಸಭೆಯೂ ವಾರಕ್ಕೊಮ್ಮೆ ತಾನೇ? ನಾವೂ ಹೀಗೆ ಮಾಡೋಣ:

1. ದಿನಕ್ಕೊಂದು ಕೆಲಸವನ್ನು ಪೂರ್ತಿ ಮನಸ್ಸಿಟ್ಟು ಮಾಡಿ. ಹೂ ಕಟ್ಟುವುದಿರಲಿ, ಹಾಲು ಕರೆಯುವುದಿರಲಿ, ತುಮಕೂರು ನಗರದಲ್ಲಿ ಗಾರ್ಮೆಂಟ್ಸ್‌ಗೆ ನಡೆದು ಹೋಗುವುದಿರಲಿ. ಐದೇ ನಿಮಿಷ ಸಾಕು. ಮನಸ್ಸು ಓಡಿಹೋದರೆ ಬೈಯಬೇಡಿ, ಮತ್ತೆ ಕರೆತನ್ನಿ.

2. ರಾತ್ರಿ ಮಲಗುವಾಗ ಆ ದಿನ ಕೈ ಜೋಡಿಸಿದ ಒಬ್ಬರನ್ನು ನೆನೆಯಿರಿ. ಬೆಳಿಗ್ಗೆ ಅವರಿಗೇ ಬಾಯಿಬಿಟ್ಟು ಹೇಳಿ.

3. ನಮ್ಮ ನಿರ್ಣಯ ಪುಸ್ತಕದಲ್ಲಿ ಕಂತು ತಪ್ಪಿಸಿದವರ ಹೆಸರು ಬರೆಯುತ್ತೇವೆ. ಪ್ರತಿ ವಾರ ತಪ್ಪದೆ ಕಟ್ಟಿದವರನ್ನು, ಬ್ಯಾಂಕಿಗೆ ಓಡಾಡಿದವರನ್ನು ಯಾರು ಬರೆದಿದ್ದಾರೆ? ಇನ್ನು ಮುಂದೆ ಸಭೆಯ ಕೊನೆಗೆ ಒಂದು ಸಾಲು ಅವರಿಗಾಗಿ ಬರೆಯಿರಿ.

ಚರ್ಚೆಗೆ ಪ್ರಶ್ನೆಗಳು

* ನಮ್ಮ ಮನೆಯಲ್ಲಿ ಯಾರ ಕೆಲಸ ಯಾರ ಕಣ್ಣಿಗೂ ಬೀಳುತ್ತಿಲ್ಲ?
* ನಾವು ಹಕ್ಕಿಗಾಗಿ ಕೈ ಮುಗಿದು, ಉಪಕಾರವನ್ನು ಮರೆತದ್ದು ಉಂಟೇ?
* ಈ ವಾರ ಮನೆಗೆ ಹೋದ ಕೂಡಲೇ ಯಾರಿಗೆ, ಏನು ಹೇಳುತ್ತೀರಿ?