ಠಕಾರದ ಪರೀಕ್ಷೆ

ಗಣಕದ ಆಜ್ಞೆಯಂತೆ ಮರವನ್ನು ಕೊರೆಯುವ ಯಂತ್ರವೊಂದು ನಮ್ಮ ಹಾಲಹರವಿಯಂಥ ಊರಿನ ಪಡಸಾಲೆಯಲ್ಲಿ ನೆಲೆಗೊಳ್ಳುವುದು ಇಂದು ಆಶ್ಚರ್ಯದ ಸಂಗತಿಯಾಗಿ ಉಳಿದಿಲ್ಲ. ಸಿಎನ್‌ಸಿ ಎಂದು ಎಲ್ಲರೂ ಕರೆಯುವ ಈ ಜಾತಿಯ ಯಂತ್ರಗಳನ್ನು ನೋಡಬೇಕಾದರೆ ಒಂದು ಕಾಲಕ್ಕೆ ಬೆಂಗಳೂರಿನ ಪೀಣ್ಯದವರೆಗೆ ಹೋಗಬೇಕಾಗಿತ್ತು. ಈಗ ಅವುಗಳಲ್ಲಿ ಅತ್ಯಲ್ಪ ಗಾತ್ರದವು ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದು, ಸ್ಕ್ರೂಡ್ರೈವರನ್ನೂ ಅಲೆನ್ ಕೀಯನ್ನೂ ಹಿಡಿಯಬಲ್ಲ ಯಾರ ಮನೆಯಲ್ಲಾದರೂ ಎದ್ದು ನಿಲ್ಲುತ್ತವೆ. ಎದ್ದು ನಿಂತದ್ದು ಸರಿಯಾಗಿ ನಡೆಯುವುದು ಮಾತ್ರ ಬೇರೆ ವಿಷಯ. ಈ ಲೇಖನ ಅದನ್ನು ಕುರಿತದ್ದು.

ನಮಗೆ ಈ ಯಂತ್ರ ಬೇಕಾದದ್ದು ನಾಮಫಲಕಗಳಿಗಾಗಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ತಾಲ್ಲೂಕು ಮೈಸೂರಿಗೂ, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಹಂಚಿಹೋದುದರಿಂದ, ಆಂಧ್ರದ ಪಾಲಾದ ನಮ್ಮ ಸೀಮೆಯಲ್ಲಿ ದಫ್ತರದ ಭಾಷೆ ತೆಲುಗು, ಅನೇಕ ಮನೆಗಳ ಭಾಷೆ ಕನ್ನಡ. ಆದಕಾರಣ ಬಾಗಿಲ ಮೇಲಿನ ಹಲಗೆಯಲ್ಲಿ ಎರಡು ಲಿಪಿಗಳೂ ಇರಬೇಕೆಂಬ ಅಪೇಕ್ಷೆ ಇಲ್ಲಿ ಸಹಜ. ಬಳ್ಳಾರಿಯಲ್ಲಿ ಡಿಪ್ಲೊಮಾ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಯಂತ್ರದ ಆಸೆ, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಅಕ್ಷರದ ಆಸೆ. ಎರಡೂ ಕೂಡಿ ಮುನ್ನೂರಕ್ಕೆ ನೂರೆಂಬತ್ತು ಮಿಲಿಮೀಟರಿನ ಮೇಜುಳ್ಳ ಈ ಯಂತ್ರ ಮನೆಗೆ ಬಂದಿತು.

ಇದರ ಸ್ವಭಾವವನ್ನು ಅರಿಯಬೇಕೆನ್ನುವವನು ಮೊದಲು ಮನಗಾಣಬೇಕಾದದ್ದು ಇದಕ್ಕೆ ಕಣ್ಣಿಲ್ಲವೆಂಬುದನ್ನು. 1952ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಸಂಖ್ಯಾನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದಾಗ, ರಂಧ್ರಗಳ ಕಾಗದಪಟ್ಟಿಯಿಂದ ಆಜ್ಞೆಯನ್ನು ಪಡೆಯುತ್ತಿದ್ದ ಆ ಭಾರೀ ಯಂತ್ರಕ್ಕೆ ತನ್ನ ಮೇಜು ನಿಜವಾಗಿ ಎಲ್ಲಿಗೆ ಬಂದಿದೆಯೆಂಬ ಸುದ್ದಿ ಮರಳಿ ಮುಟ್ಟುವ ಏರ್ಪಾಡೂ ಇತ್ತು. ನಮ್ಮದರಲ್ಲಿ ಅದಿಲ್ಲ. ಸ್ಟೆಪ್ಪರ್ ಮೋಟಾರಿಗೆ ಇಷ್ಟು ಸ್ಪಂದನಗಳನ್ನು ಕಳುಹಿಸಿದೆ, ಆದ್ದರಿಂದ ಉಳಿ ಇಷ್ಟು ದೂರ ಹೋಗಿರಲೇಬೇಕು ಎಂದು ಬೋರ್ಡಿನಲ್ಲಿ ನೆಲೆಸಿದ ತಂತ್ರಾಂಶವಾದ ಫರ್ಮ್‌ವೇರು ಲೆಕ್ಕ ಬರೆದುಕೊಳ್ಳುತ್ತದೆ; ಮೋಟಾರು ತಿರುಗಿತೋ, ನಡುವೆ ಮುಗ್ಗರಿಸಿತೋ ಅದಕ್ಕೆ ತಿಳಿಯದು. ಅಡಂಗಲಿನಲ್ಲಿ ಬರೆದಿರುವ ಎಕರೆಗೂ ಹೊಲದಲ್ಲಿ ಸರಪಳಿ ಹಿಡಿದಾಗ ಸಿಕ್ಕುವ ಎಕರೆಗೂ ಇರುವ ನಂಟನ್ನು ಬಲ್ಲ ನಮ್ಮೂರಿನ ಹಿರಿಯರಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಹುಡುಗನಿಗೇ ಕಷ್ಟವಾಯಿತು. "ಮಾವ, ಸ್ಕ್ರೀನಿನ್ಯಾಗ ನೂರು ಅಂತ ಐತಿ, ಸ್ಕೇಲಿನ್ಯಾಗ ಅರವತ್ತೆರಡೂವರಿ ಐತಿ. ಯಾರ ಮಾತು ನಂಬಬೇಕು?" ಎಂದು ಅವನು ಕೇಳಿದ್ದು ಯಂತ್ರಕ್ಕೆ ಹೊಸ ಫರ್ಮ್‌ವೇರನ್ನು ತುಂಬಿದ ಸಂಜೆ.

ಆ ಅರವತ್ತೆರಡೂವರೆಯ ಕಥೆಯನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಇಂಥ ಯಂತ್ರಗಳಲ್ಲಿ ಬಹುಮಟ್ಟಿಗೆ ಇರುವ ಫರ್ಮ್‌ವೇರು ಜಿಆರ್‌ಬಿಎಲ್ ಎಂಬುದು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಎಂಬಾತ ಅದನ್ನು ಆರಂಭಿಸಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟನು. ಕೇವಲ 32 ಕಿಲೋಬೈಟ್ ಜಾಗವಿರುವ ಆರ್ಡುಯಿನೊ ಊನೊ ಬೋರ್ಡಿನಲ್ಲಿ ಅದು ಮೂರು ದಿಕ್ಕುಗಳ ಚಲನೆಯನ್ನೂ ವೇಗದ ಏರಿಳಿತವನ್ನೂ ಸಂಭಾಳಿಸುತ್ತದೆಂಬುದು ಮಿತವ್ಯಯದ ದೃಷ್ಟಿಯಿಂದ ಕೊಂಡಾಡತಕ್ಕ ವಿಷಯವೇ ಸರಿ. ಯಂತ್ರದ ಅಳತೆಗಳೆಲ್ಲವೂ ಡಾಲರ್ ಚಿಹ್ನೆಯೊಡನೆ ಒಂದೊಂದು ಅಂಕಿಯ ಹೆಸರಿನಲ್ಲಿ ಬೋರ್ಡಿನ ಸ್ಥಿರಸ್ಮೃತಿಯಲ್ಲಿ ಕುಳಿತಿರುತ್ತವೆ. ಡಾಲರ್ 100, 101, 102 ಎಂಬ ಮೂರು ಮನೆಗಳಲ್ಲಿರುವುದು ಎಕ್ಸ್, ವೈ, ಜಡ್ ದಿಕ್ಕುಗಳಲ್ಲಿ ಒಂದು ಮಿಲಿಮೀಟರಿಗೆ ಎಷ್ಟು ಹೆಜ್ಜೆಯೆಂಬ ಲೆಕ್ಕ. ನಮ್ಮ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆಯದು. ಡ್ರೈವರ್ ಚಿಪ್ಪು ಪ್ರತಿ ಹೆಜ್ಜೆಯನ್ನೂ 16 ಪಾಲು ಮಾಡುತ್ತದೆ. ಲೀಡ್‌ಸ್ಕ್ರೂ ಒಂದು ಸುತ್ತಿಗೆ 8 ಮಿಲಿಮೀಟರು ಸಾಗಿಸುತ್ತದೆ. ಇನ್ನೂರನ್ನು ಹದಿನಾರರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ 400. ಹೊಸ ಆವೃತ್ತಿಯನ್ನು ತುಂಬಿದಾಗ ಹಳೆಯ ಸ್ಮೃತಿ ಅಳಿಸಿಹೋಗಿ, ಫರ್ಮ್‌ವೇರು ತನ್ನ ಸಾಮಾನ್ಯ ಮೌಲ್ಯವಾದ 250ನ್ನು ಆ ಜಾಗದಲ್ಲಿ ಇಟ್ಟಿತ್ತು. ನೂರು ಮಿಲಿಮೀಟರಿಗೆ 25,000 ಹೆಜ್ಜೆ ಕಳುಹಿಸಿ ಅದು ತೃಪ್ತವಾಯಿತು; ಅಷ್ಟು ಹೆಜ್ಜೆಗೆ ನಮ್ಮ ಸ್ಕ್ರೂ ಸಾಗುವುದು ಅರವತ್ತೆರಡೂವರೆ ಮಾತ್ರ. ಸೆಟ್ಟಿಂಗುಗಳ ಪಟ್ಟಿಯನ್ನು ಈಗ ಹುಡುಗನು ನೋಟುಬುಕ್ಕಿನಲ್ಲಿ ಬರೆದು ಯಂತ್ರದ ಪಕ್ಕದ ಗೂಡಿನಲ್ಲಿ ಇಟ್ಟಿದ್ದಾನೆ.

ಇಲ್ಲಿ ನಾನು ಕಂಡುಕೊಂಡ ಒಂದು ಲಕ್ಷಣವುಂಟು. ತಪ್ಪು ಚೊಕ್ಕವಾದ ಭಿನ್ನರಾಶಿಯಲ್ಲಿ ಬಂದರೆ ಅದು ಅಂಕಿಯ ದೋಷ. ಒರಟಾಗಿ, ಒಂದು ಸಲ ಹೀಗೆ ಇನ್ನೊಂದು ಸಲ ಹಾಗೆ ಬಂದರೆ ಅದು ಲೋಹದ ದೋಷ. ನೂರಕ್ಕೆ ಸರಿಯಾಗಿ ಐವತ್ತು ಸಾಗಿದರೆ ಡ್ರೈವರಿನ ಕೆಳಗಿರುವ ಜಂಪರುಗಳನ್ನು ನೋಡಬೇಕು: ಎ4988 ಚಿಪ್ಪಿಗೆ ಮೂರೂ ಜಂಪರುಗಳನ್ನು ಹಾಕಿದರೆ ಹದಿನಾರು ಪಾಲು, ಅದೇ ಜಾಗದಲ್ಲಿ ಡಿಆರ್‌ವಿ8825 ಕೂತರೆ ಅವೇ ಮೂರು ಜಂಪರುಗಳಿಗೆ ಮೂವತ್ತೆರಡು ಪಾಲು. ನೂರರ ಜಾಗದಲ್ಲಿ ನಾನೂರಕ್ಕೆ ಹೊರಟು ಚೌಕಟ್ಟಿಗೆ ಗುದ್ದಿಕೊಂಡರೆ ಲೀಡ್‌ಸ್ಕ್ರೂವಿನ ಎಳೆಗಳನ್ನು ಎಣಿಸಬೇಕು: ಎರಡೆರಡು ಮಿಲಿಮೀಟರು ಅಂತರದ ನಾಲ್ಕು ಎಳೆಗಳು ಒಂದರ ಬೆನ್ನಿಗೊಂದು ಸುತ್ತಿಕೊಂಡಿರುವ ಸ್ಕ್ರೂವನ್ನು ಒಂದೇ ಎಳೆಯದೆಂದು ಎಣಿಸಿ 1600 ಹೆಜ್ಜೆ ಬರೆದಿಟ್ಟರೆ ಹಾಗೆ ಆಗುತ್ತದೆ. ಇವುಗಳ ಪರಿಹಾರಕ್ಕೆ ಪೆನ್ಸಿಲು ಸಾಕು.

ಲೋಹದ ದೋಷದ ಮಾತು ಹಾಗಲ್ಲ. ಹೆಜ್ಜೆಗಳ ಲೆಕ್ಕ ಸರಿಹೋದ ಮೇಲೆ ಬೇವಿನ ಹಲಗೆಯೊಂದರಲ್ಲಿ ಮೊದಲು ಇಂಗ್ಲಿಷಿನ ದೊಡ್ಡಕ್ಷರಗಳನ್ನು ಕೆತ್ತಿಸಿದೆವು. ಗೆರೆಗಳು ನೂಲು ಹಿಡಿದಂತೆ ಬಂದವು. ಅನಂತರ ಕನ್ನಡದ ಠಕಾರವನ್ನು ಕೊಟ್ಟೆವು. ಚಿತ್ರಕಲೆಯ ಮೇಷ್ಟ್ರಿಗೆ ಠಕಾರಕ್ಕಿಂತ ನಿಷ್ಠುರವಾದ ಪರೀಕ್ಷೆ ಇನ್ನೊಂದಿಲ್ಲ: ಪೂರ್ಣ ವೃತ್ತ, ನಟ್ಟನಡುವೆ ಬಿಂದು, ಮೇಲೆ ತಲೆಕಟ್ಟು. ಬಂದದ್ದು ವೃತ್ತವಲ್ಲ. ಬಲ, ಎಡ, ಮೇಲೆ, ಕೆಳಗೆ ಎಂಬ ನಾಲ್ಕು ತುದಿಗಳಲ್ಲಿಯೂ ಬಾಗು ಕ್ಷಣಮಾತ್ರ ಮರೆತುಹೋದಂತೆ ಸಣ್ಣದೊಂದು ಚಪ್ಪಟೆ ಗೆರೆ. ಹೊರಟ ಜಾಗಕ್ಕೆ ಮರಳಿದ ಉಳಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು, ಕೂಡಬೇಕಾದ ತುದಿಗಳು ಕೂಡದೆ ಮೆಟ್ಟಿಲಾಗಿ ನಿಂತಿದ್ದವು. ಸ್ಕ್ರೂವಿಗೂ ಅದರ ಮೇಲೆ ಓಡಾಡುವ ಹಿತ್ತಾಳೆಯ ನಟ್ಟಿಗೂ ನಡುವೆ ಇರುವ ಸಡಿಲವೇ ಇದಕ್ಕೆ ಕಾರಣ. ಒಂದೇ ದಿಕ್ಕಿಗೆ ಸಾಗುವಷ್ಟು ಹೊತ್ತು ಸಡಿಲ ಅಡಗಿರುತ್ತದೆ. ದಿಕ್ಕು ತಿರುಗಿದೊಡನೆ ಸ್ಕ್ರೂ ಮೊದಲು ಆ ಬರಿಯ ಜಾಗವನ್ನು ದಾಟಿ ಅನಂತರ ನಟ್ಟನ್ನು ತಳ್ಳುತ್ತದೆ. ವೃತ್ತದಲ್ಲಿ ಒಂದೊಂದು ಅಕ್ಷವೂ ಎರಡೆರಡು ಸಲ ಹಿಂದಿರುಗಲೇಬೇಕಾಗುವುದರಿಂದ ನಾಲ್ಕು ಚಪ್ಪಟೆಗಳು. ಉರುಟಾದ ಕನ್ನಡ ತೆಲುಗುಗಳು ಮರೆಮಾಚದ ಈ ದೋಷವನ್ನು ನೇರಗೆರೆಯ ರೋಮನ್ ಅಕ್ಷರಗಳು ಬಹಳ ಮಟ್ಟಿಗೆ ಮುಚ್ಚಿಡುತ್ತವೆ.

ಕೆತ್ತುವ ಕೈ ಹಿಂದಿರುಗುವ ಮಾತು ಬಂದಾಗ ನಮ್ಮ ಜಿಲ್ಲೆಯದೇ ಒಂದು ಸಂಗತಿ ನೆನಪಿಗೆ ಬರುತ್ತದೆ. ಎರ್ರಗುಡಿಯ ಬಂಡೆಗಳ ಮೇಲಿರುವ ಅಶೋಕನ ಲಘುಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಅವುಗಳ ನಡುವಿನವು ಬಲದಿಂದ ಎಡಕ್ಕೂ ಬರೆಯಲ್ಪಟ್ಟಿವೆ. ಆ ಲಿಪಿಕಾರನು ಹಾಗೇಕೆ ಮಾಡಿದನೆಂದು ವಿದ್ವಾಂಸರು ಚರ್ಚಿಸಲಿ. ಎರಡು ದಿಕ್ಕಿನ ಸಾಲುಗಳೂ ಬಂಡೆಯ ಮೇಲೆ ಚೆನ್ನಾಗಿಯೇ ನಿಂತಿವೆ, ಅವನ ಮಣಿಕಟ್ಟಿನಲ್ಲಿ ಸಡಿಲವಿರಲಿಲ್ಲ.

ಸಡಿಲಕ್ಕೆ ಸಾಮಾನ್ಯವಾಗಿ ಹೇಳುವ ಪರಿಹಾರವೊಂದಿದೆ. ಅದು ರೋಗಕ್ಕಿಂತ ಕೆಟ್ಟದ್ದು. ಹತ್ತು ಮಿಲಿಮೀಟರು ಸಾಗೆಂದು ಹೇಳಿ, ವರ್ನಿಯರಿನಲ್ಲಿ 9.8 ಬಂದರೆ, 400ನ್ನು 10ರಿಂದ ಗುಣಿಸಿ 9.8ರಿಂದ ಭಾಗಿಸಿ ಬಂದ 408.16ನ್ನು ಡಾಲರ್ 100ರಲ್ಲಿ ಬರೆಯಿರಿ ಎನ್ನುತ್ತಾರೆ. ಹತ್ತು ಮಿಲಿಮೀಟರಿನ ಮಟ್ಟಿಗೆ ಫಲ ಸಿಕ್ಕಂತೆಯೇ ಕಾಣುತ್ತದೆ. ನೂರು ಸಾಗೆಂದು ಹೇಳಿದಾಗ 101.84 ಬರುತ್ತದೆ, ಏಕೆಂದರೆ ಕೊರತೆಯಾಗಿದ್ದದ್ದು ದೂರಕ್ಕೆ ಅನುಗುಣವಾದ ಪಾಲಲ್ಲ, ಎಷ್ಟೇ ದೂರಕ್ಕೂ ಒಂದೇ ಆಗಿರುವ 0.2. ನಾವು ಹತ್ತು, ಐವತ್ತು, ನೂರು, ಇನ್ನೂರು ಎಂದು ಬೇರೆ ಬೇರೆ ದೂರಗಳಿಗೆ, ಹೋಗುವಾಗೊಮ್ಮೆ ಬರುವಾಗೊಮ್ಮೆ ಅಳೆದು ಬರೆದು ನೋಡಿದೆವು. ದೂರದೊಡನೆ ಬೆಳೆಯುವ ತಪ್ಪು ಹೆಜ್ಜೆಯ ಲೆಕ್ಕದ್ದು. ದೂರ ಬೆಳೆದರೂ ಬೆಳೆಯದ ತಪ್ಪು ಸಡಿಲದ್ದು. ಲೆಕ್ಕಕ್ಕೆ ಸಿಕ್ಕದೆ ಕೆಲಸ ನಡೆದಂತೆಲ್ಲ ಕೂಡುತ್ತ ಹೋಗುವ ತಪ್ಪು ಕಳೆದುಹೋದ ಹೆಜ್ಜೆಗಳದ್ದು. ಈ ಮೂರನ್ನು ಬೇರ್ಪಡಿಸದೆ ಯಾವ ಅಂಕಿಯನ್ನೂ ಮುಟ್ಟಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಜಿಆರ್‌ಬಿಎಲ್‌ನಲ್ಲಿ ಸಡಿಲವನ್ನು ತುಂಬಿಕೊಡುವ ಸೆಟ್ಟಿಂಗೇ ಇಲ್ಲ; ಸ್ಪ್ರಿಂಗಿನಿಂದ ಎರಡು ನಟ್ಟುಗಳನ್ನು ಪರಸ್ಪರ ವಿರುದ್ಧವಾಗಿ ಒತ್ತಿಹಿಡಿಯುವ ಜೋಡಿನಟ್ಟನ್ನು ತರಿಸಿ ಹಾಕಿದಾಗ ಠಕಾರ ಗುಂಡಗಾಯಿತು.

ಮೂರನೆಯ ಬಗೆಯ ತಪ್ಪು ಬೇಸಗೆಯ ಕೊಡುಗೆ. ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್ ಮಧ್ಯಾಹ್ನಗಳಲ್ಲಿ ಕೆಲಸ ಅರ್ಧವಾಗುವ ಹೊತ್ತಿಗೆ ಅಕ್ಷರಗಳ ಸಾಲು ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಿಗಿಯುತ್ತಿತ್ತು. ಅದೇ ಕೆಲಸ ಬೆಳಗಿನ ಜಾವ ನಿರ್ದುಷ್ಟವಾಗಿ ಮುಗಿಯುತ್ತಿತ್ತು. ಡ್ರೈವರ್ ಚಿಪ್ಪು ಮಿತಿಮೀರಿ ಕಾದಾಗ ತನ್ನನ್ನು ತಾನೇ ಆರಿಸಿಕೊಂಡು, ತಣಿದ ಮೇಲೆ ಮತ್ತೆ ಎಚ್ಚರಗೊಳ್ಳುತ್ತದೆ. ನಡುವೆ ಬಂದ ಸ್ಪಂದನಗಳೆಲ್ಲ ವ್ಯರ್ಥ, ಫರ್ಮ್‌ವೇರಿನ ಪುಸ್ತಕದಲ್ಲಿ ಮಾತ್ರ ಅವೆಲ್ಲ ಸಂದಾಯ. ಚಿಪ್ಪಿನ ಪಕ್ಕದ ಸಾಸಿವೆಗಾತ್ರದ ತಿರುಪನ್ನು ತಿರುಗಿಸಿ ವಿದ್ಯುತ್ತನ್ನು ಹದಗೊಳಿಸಬೇಕು. ಎ4988ರಲ್ಲಿ ಎರಡು ಕಪ್ಪು ರೆಸಿಸ್ಟರುಗಳ ಮೇಲೆ ಆರ್100 ಎಂದಿದ್ದರೆ ಒಂದು ಆಂಪಿಯರಿಗೆ ಮಲ್ಟಿಮೀಟರಿನಲ್ಲಿ 0.8 ವೋಲ್ಟು ಕಾಣಬೇಕು; ಆರ್050 ಎಂದಿದ್ದರೆ 0.4. ಭೂತಗನ್ನಡಿ ಹಿಡಿದು ಆ ಅಕ್ಷರವನ್ನು ಓದದೆ ಪುಸ್ತಕದ ಸೂತ್ರವನ್ನು ಅನ್ವಯಿಸಿದರೆ ಮೋಟಾರಿಗೆ ಇಮ್ಮಡಿ ವಿದ್ಯುತ್ತು ಹೋಗುತ್ತದೆ. ಹದಗೊಳಿಸಿ, ಒಂದು ಸಣ್ಣ ಫ್ಯಾನನ್ನು ಚಿಪ್ಪುಗಳ ಕಡೆಗೆ ತಿರುಗಿಸಿಟ್ಟೆವು. ಅಲ್ಲಿಂದೀಚೆಗೆ ಸಾಲು ಜಿಗಿದಿಲ್ಲ.

ಅಂಚು ಮುಟ್ಟಿದಾಗ ಯಂತ್ರವನ್ನು ನಿಲ್ಲಿಸುವ ಲಿಮಿಟ್ ಸ್ವಿಚ್ಚುಗಳ ಕಾಟ ಇನ್ನೊಂದು ತೆರನಾದದ್ದು. ಉಳಿ ಅಂಚಿನ ಹತ್ತಿರವೂ ಸುಳಿಯದಿದ್ದಾಗ, ಅದನ್ನು ತಿರುಗಿಸುವ ಸ್ಪಿಂಡಲ್ ಶುರುವಾದ ಕ್ಷಣದಲ್ಲಿಯೇ ಯಂತ್ರ ಅಲಾರ್ಮ್ 1 ಎಂದು ಸಾರಿ ಸ್ತಬ್ಧವಾಗುತ್ತಿತ್ತು. ಬೋರ್ಡಿನೊಳಗಿನ ಪುಲ್ಅಪ್ ರೆಸಿಸ್ಟರ್ ಬಲಹೀನವಾದದ್ದು. ಸ್ಪಿಂಡಲಿನ ತಂತಿಯೊಡನೆ ಒಂದೇ ಕಟ್ಟಿನಲ್ಲಿ ಓಡುವ ಸ್ವಿಚ್ಚಿನ ತಂತಿ ಅದರ ಗದ್ದಲವನ್ನೆಲ್ಲ ಎಳೆದುಕೊಂಡು ಸ್ವಿಚ್ಚು ಒತ್ತಿದಂತೆ ನಟಿಸುತ್ತದೆ. ತಂತಿಗಳನ್ನು ಬೇರೆ ಬೇರೆ ದಾರಿಯಲ್ಲಿ ಒಯ್ದು, ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಬೆಸುಗೆ ಹಾಕಿದಾಗ ಸುಮ್ಮನಾಯಿತು. ಜಡ್ ಸ್ವಿಚ್ಚು ಮಾತ್ರ ಒತ್ತಿದರೂ ಓಗೊಡಲಿಲ್ಲ. ಬೋರ್ಡಿನ ಮೇಲೆ ಮುದ್ರಿಸಿರುವ ಹೆಸರುಗಳು ಹಳೆಯ ಫರ್ಮ್‌ವೇರಿನ ಕಾಲದವು, 0.9ನೆಯ ಆವೃತ್ತಿಯ ಕಾಲದಲ್ಲಿ ಸ್ಪಿಂಡಲಿನ ವೇಗವನ್ನು ಬದಲಾಯಿಸುವ ಸೌಕರ್ಯಕ್ಕಾಗಿ ಹನ್ನೊಂದನೆಯ ಪಿನ್ನು ಸ್ಪಿಂಡಲಿಗೂ ಹನ್ನೆರಡನೆಯದು ಜಡ್ ಸ್ವಿಚ್ಚಿಗೂ ಅದಲುಬದಲಾದವು. ಆದುದರಿಂದ ಜಡ್ ಸ್ವಿಚ್ಚಿನ ತಂತಿಯನ್ನು 'ಸ್ಪಿಂಡಲ್' ಎಂದು ಬರೆದಿರುವಲ್ಲಿಗೇ ಚುಚ್ಚಬೇಕು.

ಎಕ್ಸ್ ಮತ್ತು ವೈ ಪರಸ್ಪರ ಲಂಬವಾಗಿವೆಯೇ ಎಂಬುದನ್ನು ನಮ್ಮೂರಿನ ಗೌಂಡಿಗಳು ಅಡಿಪಾಯಕ್ಕೆ ನೂಲು ಹಾಕುವಂತೆ, ಮೂರು–ನಾಲ್ಕು–ಐದರ ಲೆಕ್ಕದಲ್ಲಿ ನೋಡಿದೆವು: ಒಂದು ಕಡೆ 90, ಇನ್ನೊಂದು ಕಡೆ 120 ಮಿಲಿಮೀಟರಿಗೆ ತೂತು ಹಾಕಿಸಿದರೆ ಅವುಗಳ ನಡುವೆ 150 ಬರಬೇಕು. ಸ್ವಲ್ಪ ಕಡಿಮೆ ಬಂದಿತು. ಚೌಕಟ್ಟಿನ ಬೋಲ್ಟುಗಳನ್ನು ಸಡಿಲಿಸಿ, ಮೂಲೆಮಟ್ಟವಿಟ್ಟು ಮತ್ತೆ ಬಿಗಿದದ್ದಾಯಿತು.

ಈಗ ಉಳಿದಿರುವ ತೊಡಕು ಒತ್ತಕ್ಷರಗಳದ್ದು. ಕೆತ್ತನೆಗೆಂದೇ ಇರುವ ಹಲವು ತಂತ್ರಾಂಶಗಳು ಕನ್ನಡದ ಒತ್ತನ್ನು ಅಕ್ಷರದ ಕೆಳಗೆ ಕೂಡಿಸಲಾರದೆ ಪಕ್ಕದಲ್ಲಿ ಬಿಡಿಸಿಟ್ಟುಬಿಡುತ್ತವೆ. ಆದಕಾರಣ ಹೆಸರನ್ನು ಇಂಕ್‌ಸ್ಕೇಪಿನಲ್ಲಿ ಬರೆದು, ಅಕ್ಷರವನ್ನು ಬರಿಯ ಗೆರೆಗಳಾಗಿ ಮಾರ್ಪಡಿಸಿ, ಅನಂತರ ಯಂತ್ರಕ್ಕೆ ಕೊಡುತ್ತೇವೆ. ಹಾಗೆ ಕೊಟ್ಟರೂ, ಅಕ್ಷರ ಗಿಡ್ಡವಾದಂತೆ ಒತ್ತಿನ ಹೊಟ್ಟೆ ಉಳಿಯ ಮೊನೆಗಿಂತ ಕಿರಿದಾಗಿ ಮುಚ್ಚಿಹೋಗುತ್ತದೆ. 25 ಮಿಲಿಮೀಟರಿಗಿಂತ ಕಡಿಮೆ ಎತ್ತರದ ಅಕ್ಷರವನ್ನು ಒಪ್ಪಿಕೊಳ್ಳಬಾರದೆಂದು ಹುಡುಗನು ನಿಯಮ ಮಾಡಿದ್ದಾನೆ. "ಹಲಗಿ ಸಣ್ಣದು ಸಾಕು ಮೇಷ್ಟ್ರೇ, ಹೆಸರು ಮಾತ್ರ ಮನಿತನದ ಸಮೇತ ಪೂರ್ತಿ ಇರ್ಲಿ" ಎಂದು ಬರುವವರಿಗೆ ಆ ನಿಯಮವನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.