ಕನಸಿನ ಗಿಟಾರ್ ಮನೆಗೆ ತರುವವರಿಗೆ ಒಂಬತ್ತು ಸೂತ್ರಗಳು

ರೆಸ್ಟನ್ ಊರು ಹುಟ್ಟಿದ್ದೇ ಸಂಗೀತದ ದುಡ್ಡಿನಲ್ಲಿ. ನ್ಯೂಯಾರ್ಕಿನ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್, ಈ ಊರು ಕಟ್ಟಿದ ರಾಬರ್ಟ್ ಸೈಮನ್ ಅವರ ಕುಟುಂಬದ ಆಸ್ತಿಯಾಗಿತ್ತು. ಅದನ್ನು ಮಾರಿ ಬಂದ ಹಣ ಹಾಕಿ ಅವರು 1961ರಲ್ಲಿ ವರ್ಜೀನಿಯಾದ ಈ ಜಮೀನು ಕೊಂಡರು. ಅಂಥ ಊರಲ್ಲಿ ಮನೆ ಸಾಲ ಕಟ್ಟುತ್ತ, ಹಾಸ್ಟೆಲ್ ದಿನಗಳಲ್ಲಿ ಯಾರದೋ ಗಿಟಾರ್ ಎರವಲು ಪಡೆದು ನುಡಿಸಿದ್ದನ್ನು ನೆನೆಯುವ ಕನ್ನಡಿಗರಿದ್ದಾರೆ. ಕೊಳ್ಳುವ ಶಕ್ತಿ ಬಂದಿದೆ, ಧೈರ್ಯ ಬಂದಿಲ್ಲ. ಅವರಿಗಾಗಿ ಇವು.

1. ಬೆಲೆಯನ್ನು ರೂಪಾಯಿಗೆ ಗುಣಿಸಬೇಡಿ. ಮಾರ್ಟಿನ್ ಕಂಪನಿಯ ಡಿ-28 ಹೊಸತಾದರೆ ಮೂರು ಸಾವಿರ ಡಾಲರಿಗೂ ಹೆಚ್ಚು. ಗುಣಾಕಾರ ಶುರುವಾದರೆ ಅಪ್ಪನ ಆಗಿನ ಸಂಬಳ ನೆನಪಾಗುತ್ತದೆ, ಗಿಟಾರ್ ಅಂಗಡಿಯಲ್ಲೇ ಉಳಿಯುತ್ತದೆ. ತಿಂಗಳಿಗಿಷ್ಟು ಅಂತ ಬೇರೆ ಖಾತೆಗೆ ಹಾಕಿ. ಮೊತ್ತ ಎಷ್ಟೆಂದು ಮನೆಯವರಿಗೆ ಮೊದಲೇ ಹೇಳಿಬಿಡಿ. ಬಿಲ್ ಆಮೇಲೆ ಕೈಗೆ ಸಿಕ್ಕಿ ತಿಳಿಯುವುದು ಬೇಡ.

2. ವಯಸ್ಸಿನ ನೆಪ ಬಿಡಿ. ಎಲಿಜಬೆತ್ ಕಾಟನ್ ನಾರ್ತ್ ಕೆರೊಲಿನಾದ ಕಾರ್‌ಬರೊದಲ್ಲಿ ಹುಟ್ಟಿದ ಕಪ್ಪು ಹುಡುಗಿ. ಮನೆಗೆಲಸ ಮಾಡಿ ಕೂಡಿಟ್ಟ 3 ಡಾಲರ್ 75 ಸೆಂಟಿಗೆ ಮೊದಲ ಗಿಟಾರ್ ಕೊಂಡಳು. ಎಡಗೈಯವಳಾದ್ದರಿಂದ ಅದನ್ನು ತಿರುವುಮುರುವು ಹಿಡಿದು ತನ್ನದೇ ಶೈಲಿ ಕಟ್ಟಿಕೊಂಡಳು. ಆಮೇಲೆ ಮದುವೆ, ಸಂಸಾರ, ಚರ್ಚಿನವರ ಆಕ್ಷೇಪ ಎಲ್ಲ ಸೇರಿ ದಶಕಗಳ ಕಾಲ ತಂತಿ ಮುಟ್ಟಲಿಲ್ಲ. ವಾಷಿಂಗ್ಟನ್ನಿನ ಒಂದು ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ ಕೆಲಸಕ್ಕಿದ್ದಾಗ ತಾಯಿಯಿಂದ ತಪ್ಪಿಸಿಕೊಂಡ ಒಂದು ಮಗುವನ್ನು ಹುಡುಕಿಕೊಟ್ಟರು. ಅದು ಜಾನಪದ ಸಂಗೀತದ ಸೀಗರ್ ಕುಟುಂಬದ ಪೆಗ್ಗಿ. ಅದೇ ಮನೆಯಲ್ಲಿ ಕೆಲಸ ಸಿಕ್ಕಿತು, ಗೋಡೆಯ ಮೇಲಿದ್ದ ಗಿಟಾರೂ ಕೈಗೆ ಸಿಕ್ಕಿತು. ಮೊದಲ ಆಲ್ಬಂ 1958ರಲ್ಲಿ, ಅರವತ್ತು ದಾಟಿದ ಮೇಲೆ. ಗ್ರ್ಯಾಮಿ ಬಂದದ್ದು 1985ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ. ನಲವತ್ತೈದಕ್ಕೇ ‘ಇನ್ನೇನು ಕಲಿಯೋದು’ ಅನ್ನುವವರು ಈ ಅಜ್ಜಿಯ ‘ಫ್ರೈಟ್ ಟ್ರೇನ್’ ಕೇಳಿ ಬರಲಿ.

3. ಕಾಯಿರಿ, ಆದರೆ ಕ್ಲ್ಯಾಪ್ಟನ್ ಅವರಷ್ಟಲ್ಲ. ವರ್ಜೀನಿಯಾದ ರಗ್ಬಿ ಎಂಬ ಪುಟ್ಟ ಹಳ್ಳಿಯ ವೇಯ್ನ್ ಹೆಂಡರ್‌ಸನ್ ಅಂಚೆ ಹಂಚುತ್ತಲೇ ಗಿಟಾರ್ ಮಾಡುತ್ತಿದ್ದವರು. ಅವರ ಕೈಯ ಒಂದು ಗಿಟಾರಿಗೆ ಎರಿಕ್ ಕ್ಲ್ಯಾಪ್ಟನ್ ಸುಮಾರು ಹತ್ತು ವರ್ಷ ಕಾದರು. ಕಾಯುವಾಗ ನುಡಿಸಲು ಅವರ ಮನೆಯಲ್ಲಿ ಬೇರೆ ಗಿಟಾರುಗಳಿದ್ದವು ಅನ್ನುವುದನ್ನು ಮರೆಯಬೇಡಿ.

4. ಬೆನ್ನು ತಿರುಗಿಸಿ ನಿಂತು ಆರಿಸಿ. ಗೆಳೆಯರೊಬ್ಬರು ನುಡಿಸಲಿ, ನೀವು ಹೆಸರು, ಬೆಲೆ ನೋಡದೆ ಕೇಳಿ. ಒಂದೇ ಮಾದರಿಯ ಎರಡು ಗಿಟಾರುಗಳ ದನಿಯೂ ಒಂದೇ ಅಲ್ಲ. ಯುದ್ಧನೌಕೆಯ ಹೆಸರು ಹೊತ್ತ ಡ್ರೆಡ್‌ನಾಟ್ ಮಾದರಿಗೆ ಗಟ್ಟಿ ದನಿ, ದೊಡ್ಡ ಮೈ. ಸೋಫಾದಲ್ಲಿ ಕೂತು ನುಡಿಸಿದರೆ ಬಲಭುಜ ನೋಯುತ್ತದೆ. ಅಟ್ಲಾಂಟದ ಬ್ಯಾಂಜೋ ವಾದಕ ಪೆರಿ ಬೆಕ್ಟೆಲ್ ಅವರ ಕೋರಿಕೆಯಿಂದ 1929ರಲ್ಲಿ ಹುಟ್ಟಿದ ಓಎಂ ಮಾದರಿಗೆ ಮೈ ಚಿಕ್ಕದು. ಬೆರಳಲ್ಲಿ ಮೀಟುವವರಿಗೆ ನನ್ನ ಓಟು ಇದಕ್ಕೇ.

5. ಮರದ ಜಾತಕ ಕೇಳಿ. 1969ರಲ್ಲಿ ಮಾರ್ಟಿನ್ ಕಂಪನಿ ಡಿ-28ರ ಬೆನ್ನು, ಪಕ್ಕಗಳಿಗೆ ಬ್ರೆಜಿಲ್ ಮರ ಬಿಟ್ಟು ಭಾರತದ ರೋಸ್‌ವುಡ್ ಬಳಸತೊಡಗಿತು. ಅದು ನಮ್ಮ ಬೀಟೆ. ಮಲೆನಾಡಿನ ಹಳೇ ಮನೆಗಳ ಮಂಚ, ಮೈಸೂರಿನ ಕುಸುರಿ ಹಲಗೆಗಳ ಮರವೇ ಪೆನ್ಸಿಲ್ವೇನಿಯಾದ ಕಾರ್ಖಾನೆಯಲ್ಲಿ ಗಿಟಾರ್ ಆಗುತ್ತದೆ. ಹಾಗಂತ ಊರಿನ ಅಭಿಮಾನಕ್ಕೆ ಕೊಳ್ಳಬೇಡಿ. ಬೀಟೆಯ ದನಿಗೆ ತಳ ಹೆಚ್ಚು, ಗುಂಯ್‌ಗುಟ್ಟುವಿಕೆ ಹೆಚ್ಚು. ಭಾವಗೀತೆಗೆ ಜೊತೆ ಕೊಡುವವರಿಗೆ ಡಿ-18ರ ಮಹಾಗನಿ ಎಷ್ಟೋ ಸಲ ಚೆನ್ನಾಗಿ ಒಪ್ಪುತ್ತದೆ. ಹಾಡುವವರ ಗಂಟಲನ್ನು ಅದು ಮುಚ್ಚುವುದಿಲ್ಲ. ಮುಂಭಾಗದ ಹಲಗೆ ಇಡೀ ಮರದ್ದೋ ಪ್ಲೈಯೋ ಎಂಬುದನ್ನು ಮಾತ್ರ ದನಿರಂಧ್ರದ ಅಂಚಿನಲ್ಲಿ ಕಣ್ಣಾರೆ ನೋಡಿ. ಮರದ ಗೆರೆ ಮೇಲಿಂದ ಕೆಳಗೆ ಮುಂದುವರಿದಿರಬೇಕು.

6. ಸೆಟಪ್ಪಿಗೆ ಹಣ ಎತ್ತಿಡಿ. ಹನ್ನೆರಡನೇ ಫ್ರೆಟ್ಟಿನಲ್ಲಿ ದಪ್ಪ ತಂತಿ ಸುಮಾರು 2.5 ಮಿಲಿಮೀಟರ್ ಎತ್ತರದಲ್ಲಿರಲಿ. ಅದಕ್ಕಿಂತ ತೀರಾ ಮೇಲಿದ್ದರೆ ಬೆರಳು ಸೋಲುತ್ತದೆ, ತಪ್ಪು ನಿಮ್ಮದೆಂದುಕೊಂಡು ಬಿಟ್ಟುಬಿಡುತ್ತೀರಿ.

7. ಚಳಿಗಾಲಕ್ಕೆ ಹೆದರಿ. ಗಿಟಾರಿಗೆ ಬೇಕಾದ ತೇವಾಂಶ ಶೇ. 45ರಿಂದ 55. ಇಲ್ಲಿ ಆಗಸ್ಟಿನಲ್ಲಿ ಗೋಡೆಯೂ ಬೆವರುತ್ತದೆ. ಜನವರಿಯಲ್ಲಿ ಹೀಟರ್ ಹಾಕಿದ ಮನೆಯ ಗಾಳಿಗೆ ಮರ ಹಪ್ಪಳದಂತೆ ಒಣಗುತ್ತದೆ, ಹಲಗೆ ಸೀಳುತ್ತದೆ. ಕೇಸಿನೊಳಗಿಟ್ಟರೆ ಮರಕ್ಕೆ ಕ್ಷೇಮ, ಕಲಿಕೆಗೆ ಕೇಡು. ಕಣ್ಣಿಗೆ ಬೀಳದ ವಾದ್ಯವನ್ನು ಯಾರೂ ನುಡಿಸುವುದಿಲ್ಲ. ಕೋಣೆಗೇ ಒಂದು ಹ್ಯುಮಿಡಿಫೈಯರ್ ಇಟ್ಟು, ಗಿಟಾರನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ.

8. ಊರಿಗೆ ಒಯ್ಯುವುದಾದರೆ ಕಾಗದ ನೋಡಿಕೊಳ್ಳಿ. ಬೀಟೆ ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಪಟ್ಟಿಯಲ್ಲಿದೆ. ಸಿದ್ಧ ಸಂಗೀತವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಉಂಟು. ಹಳೆಯ ಬ್ರೆಜಿಲ್ ರೋಸ್‌ವುಡ್ ಗಿಟಾರಿಗೆ ಅದು ಅನ್ವಯಿಸದು.

9. ನಮ್ಮ ಹಾಡಿಗೆ ನಮ್ಮ ಶ್ರುತಿ ಹಿಡಿಯಿರಿ. ಗಿಟಾರ್ ಬಂದ ದಿನ ಫೋಟೊ ಹಂಚಿ ಸುಮ್ಮನಾಗಬೇಡಿ. ಒಂದನೇ, ಎರಡನೇ, ಆರನೇ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಇಳಿಸಿ. ದಪ್ಪ ತಂತಿಯಿಂದ ಆರಂಭಿಸಿ ಡಿ ಎ ಡಿ ಜಿ ಎ ಡಿ ಆಗುತ್ತದೆ. ಡಿ ಷಡ್ಜವಾದರೆ ಸ ಪ ಸ ಮ ಪ ಸ. ಹಾಗೇ ಮೀಟಿದರೆ ತಂಬೂರಿ ಹತ್ತಿರ ಬಂದು ಕೂರುತ್ತದೆ. ಮೋಹನದಲ್ಲಿ ಮಧ್ಯಮ ಇಲ್ಲವಲ್ಲ, ಮೂರನೇ ತಂತಿಯನ್ನು ಎರಡನೇ ಫ್ರೆಟ್ಟಿನಲ್ಲಿ ಒತ್ತಿ ಪಂಚಮ ಮಾಡಿಕೊಳ್ಳಿ. ಸಾಲಿಗೊಂದು ಕಾರ್ಡ್ ಬದಲಿಸುವ ಗಡಿಬಿಡಿ ಬೇಡ. ಶರೀಫರ ತತ್ವಪದಗಳನ್ನು ಗಿಟಾರಿಗೆ ಒಗ್ಗಿಸಿದ ರಘು ದೀಕ್ಷಿತ್ ಅವರನ್ನು ಕೇಳಿ ನೋಡಿ, ಹಾಡು ಮುಂದೆ, ತಂತಿ ಹಿಂದೆ. ಯುಗಾದಿಗೆ ಇಲ್ಲಿನ ಕಾವೇರಿ ಕನ್ನಡ ಸಂಘದ ವೇದಿಕೆಗೆ ಹೆಸರು ಕೊಟ್ಟರೆ ಅಭ್ಯಾಸ ತಾನೇ ಸಾಗುತ್ತದೆ. ಟೌನ್‌ಹೌಸಿನಲ್ಲಿದ್ದರೆ ರಾತ್ರಿ ಹತ್ತರ ಮೇಲೆ ಪಿಕ್ ಬೇಡ, ಬೆರಳೇ ಸಾಕು. ಗೋಡೆಯಾಚೆಯವರೂ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಲ್ಲ.